ಹಿಂದಕ್ಕೆ ಬರುವ ವಿದ್ಯೆ

ರೈತರ ಸಂಘದ ಗೋದಾಮಿನ ಅಂಗಳಕ್ಕೆ ಲಾರಿ ಬಂತೆಂದರೆ ಮೊದಲು ಕೇಳಿಸುತ್ತಿದ್ದದ್ದು ಎಂಜಿನ್ನಿನ ಸದ್ದಲ್ಲ, ಬರ್ಲಕ್ಕನ ಗಂಟಲು. "ಬರ್ಲಿ... ಬರ್ಲಿ... ಎಡಕ್ಕೆ ತಿರುಗ್ಸು... ಬರ್ಲಿ... ಹೋಲ್ಡಾನ್." ಆ ಕೂಗಿನಿಂದಲೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ತವರಿನಲ್ಲಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ತನ್ನ ಪಾಡಿಗೆ ತಾನು ಮಲಗಿತ್ತು. ಕರೆದು ಎಬ್ಬಿಸುವವರು ಯಾರೂ ಇರಲಿಲ್ಲ.

ಗೋದಾಮಿಗೆ ಮೂರು ಕಟ್ಟೆಗಳು. ಲಾರಿಯ ಹಿಂಬಾಗಿಲು ಬಂದು ಕೂರುವಷ್ಟೇ ಎತ್ತರ. ಒಂದರ ಮೇಲೆ ದನದ ಹಿಂಡಿ ಇಳಿಯುತ್ತಿತ್ತು, ಇನ್ನೊಂದರ ಮೇಲೆ ಬಿತ್ತನೆ ಬೀಜ, ಮತ್ತೊಂದರ ಮೇಲೆ ಗೊಬ್ಬರ. ಕಟ್ಟಿಸಿದವರು ಚೀಲಗಳ ಲೆಕ್ಕ ಹಾಕಿದ್ದರೇ ಹೊರತು ಚಕ್ರಗಳ ಲೆಕ್ಕ ಹಾಕಿರಲಿಲ್ಲ. ಅಂಗಳವೆಂಬುದು ಅಂಗೈಯಗಲ. ಗೇಟು ದಾಟಿದ ಲಾರಿ ನೀರಿನ ಟ್ಯಾಂಕಿನ ಮಗ್ಗುಲಿಗೆ ಮೂತಿ ತಿರುಗಿಸಿ, ತೂಕದ ಕೋಣೆಯ ಮೂಲೆಗೆ ತಾಗದಂತೆ ಬಾಲ ಹೊರಳಿಸಿ, ಹಿಂದುಹಿಂದಕ್ಕೆ ಬಂದು ಕಟ್ಟೆಗೆ ಸೇರಬೇಕು. ಮುಂದಕ್ಕೆ ಓಡಿಸುವುದನ್ನು ಕತ್ತೆಗೂ ಕಲಿಸಬಹುದು, ಹಿಂದಕ್ಕೆ ಬರುವುದೇ ವಿದ್ಯೆ ಎಂದು ಡ್ರೈವರುಗಳೇ ಹೇಳುತ್ತಿದ್ದರು.

ಕಟ್ಟೆಗೂ ಲಾರಿಯ ಬಾಲಕ್ಕೂ ನಡುವಿನ ಜಾಗದಲ್ಲಿ ಬರ್ಲಕ್ಕ ನಿಲ್ಲುತ್ತಿದ್ದಳು. ಬಾಲ ಹತ್ತಿರವಾದಂತೆ ತಾನೂ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಾರಿಕೊಳ್ಳುತ್ತಿದ್ದಳು. ಬಾಯಿಗೆ ಜೊತೆಯಾಗಿ ಎರಡೂ ಕೈ ಆಡುತ್ತಿದ್ದವು. ಕೂಗು ಸಾಲದಿದ್ದರೆ ಲಾರಿಯ ಮೈ ತಟ್ಟುತ್ತಿದ್ದಳು: ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ಹದಿನೆಂಟು ವರ್ಷದಲ್ಲಿ ಕಟ್ಟೆಯ ಒಂದು ಕಲ್ಲು ಹಾರಿರಲಿಲ್ಲ, ಟ್ಯಾಂಕಿನ ನಲ್ಲಿ ಮುರಿದಿರಲಿಲ್ಲ. ಸ್ಟೀರಿಂಗನ್ನು ಮಾತ್ರ ಅವಳು ಒಂದು ದಿನವೂ ಮುಟ್ಟಿರಲಿಲ್ಲ. ಮುಟ್ಟಬೇಕೆಂದು ಅನಿಸಿಯೂ ಇರಲಿಲ್ಲ.

ಅನಿಸಿದ್ದು ಮ್ಯಾನೇಜರಮ್ಮ ಎಲ್ಲರನ್ನೂ ಕಟ್ಟೆಯ ಮೇಲೆ ಕರೆದು ಕೂರಿಸಿದ ದಿನ.

ಮ್ಯಾನೇಜರಮ್ಮ ಬಂದು ಆಗ ಒಂದು ವರ್ಷವಾಗಿತ್ತು. ದನಿ ಏರಿಸದೆ, ಹೇಳಬೇಕಾದದ್ದನ್ನು ಒಂದೇ ಸಲ ಹೇಳುವ ಹೆಂಗಸು. "ಬೇಸಿಗೆ ಕಳೆದ ಮೇಲೆ ಸರಕೆಲ್ಲ ಟ್ರೇಲರಲ್ಲಿ ಬರುತ್ತೆ" ಎಂದಳು. "ಮುಂದೆ ಎಂಜಿನ್ನು, ಹಿಂದೆ ಉದ್ದನೆ ಡಬ್ಬ, ಮಧ್ಯೆ ಕೊಂಡಿ. ಹೊರಗಿನ ಡ್ರೈವರು ಡಬ್ಬಾನ ಗೇಟಿನ ಹತ್ರ ಬಿಟ್ಟು ಹೋಗ್ತಾನೆ. ಅಲ್ಲಿಂದ ಕಟ್ಟೆಗೆ ತಂದು ನಿಲ್ಲಿಸೋಕೆ ನಮ್ಮದೇ ಒಂದು ಸಣ್ಣ ಎಂಜಿನ್ನು, ನಮ್ಮದೇ ಒಬ್ಬ ಅಂಗಳದ ಡ್ರೈವರು. ಅದಕ್ಕೆ ಒಬ್ಬರನ್ನ ಮೂರು ವಾರದ ತರಬೇತಿಗೆ ಕಳಿಸ್ತೀವಿ. ಒಬ್ಬರನ್ನೇ."

"ಯಾರನ್ನ?" ಎಂದು ಕೇಳಿದವನು ಮೀಸೆ. ಸಂಘದ ಲಾರಿ ಓಡಿಸುವವರಲ್ಲಿ ಚುರುಕಾದವನು; ಮೀಸೆಯ ಎರಡು ತುದಿಗಳೂ ಗಡಿಯಾರದ ಮುಳ್ಳಿನಂತೆ ಹತ್ತೂ ಹತ್ತು ತೋರಿಸುತ್ತಿದ್ದವು.

"ತರಬೇತಿಯವರು ಒಂದು ಕಂಪ್ಯೂಟರ್ ಆಟ ಕಳಿಸಿದ್ದಾರೆ. ಗಾಡಿ ನಿಲ್ಲಿಸೋ ಆಟ. ನಲವತ್ತು ಹಂತ ಇದೆ. ಎಲ್ಲಿಗೂ ತಾಗಿಸದೆ ನಲವತ್ತೂ ಮುಗಿಸಿದವರಿಗೆ ಅದೇ ಒಂದು ಪತ್ರ ಅಚ್ಚು ಹಾಕಿ ಕೊಡುತ್ತೆ. ಈ ತಿಂಗಳ ಒಳಗೆ ಮೊದಲು ಆ ಪತ್ರ ತಂದವರು ಹೋಗ್ತಾರೆ. ಇಲ್ಲಿ ಕೆಲಸ ಮಾಡೋ ಯಾರು ಬೇಕಾದ್ರೂ ಕೂತ್ಕೋಬಹುದು."

"ಮತ್ತೆ ಹಿಂದೆ ನಿಂತ್ಕೊಂಡು ಕೂಗೋ ಕೆಲಸ?" ಬರ್ಲಕ್ಕ ಕೇಳಿದಳು.

ಮ್ಯಾನೇಜರಮ್ಮ ಅವಳ ಮುಖ ನೋಡಿಯೇ ಹೇಳಿದಳು. "ಅದು ಹೀಗೇ ಇರಲ್ಲ ಅಕ್ಕ. ಅಂಗಳದ ಡ್ರೈವರು ಒಬ್ಬನೇ ಇಡೀ ದಿನ ಇಲ್ಲೇ ಇರ್ತಾನಲ್ಲ, ಅವನಿಗೆ ಜಾಗ ರೂಢಿಯಾಗುತ್ತೆ. ನಿಮಗೆ ಚೀಲದ ಕೋಣೇಲಿ ಜಾಗ ಇದೆ."

ಚೀಲದ ಕೋಣೆ ಬರ್ಲಕ್ಕನಿಗೆ ಗೊತ್ತಿತ್ತು. ಅಂಗಳಕ್ಕೆ ಬರುವ ಮೊದಲು ಎರಡು ವರ್ಷ ಅಲ್ಲಿ ಹರಿದ ಚೀಲ ಹೊಲಿದಿದ್ದಳು. ಕಿಟಕಿ ಒಂದು, ಅದೂ ಎತ್ತರದಲ್ಲಿ. ಹಿಂಡಿಯ ಧೂಳು ಮೂಗಿನಲ್ಲಿ, ಗಂಟಲಲ್ಲಿ, ಕನಸಿನಲ್ಲಿ. ಆ ಎರಡು ವರ್ಷ ಅವಳು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯವರು ಎಚ್ಚರಾಗುತ್ತಿದ್ದರು. ಅಂಗಳಕ್ಕೆ ಬಂದ ಮೇಲೆಯೇ ಅವಳ ಗಂಟಲಿಗೆ ದನಿ ಬಂದದ್ದು.

ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಹಂಗಾದ್ರೆ ನನ್ನ ಹೆಸರೂ ಬರ್ಕೊಳಿ" ಎಂದಳು.

ಮೀಸೆ ನಕ್ಕ. ಉಳಿದವರೂ ನಕ್ಕರು. ನಗದಿದ್ದವರು ಇಬ್ಬರೇ. ಒಬ್ಬಳು ಬರೆದುಕೊಳ್ಳುತ್ತಿದ್ದ ಮ್ಯಾನೇಜರಮ್ಮ. ಇನ್ನೊಬ್ಬರು ಬರ್ಲಕ್ಕನ ಭಾವ, ಅಂದರೆ ಗಂಡನ ಅಣ್ಣ. ಸಂಘದ ಡ್ರೈವರುಗಳಲ್ಲೆಲ್ಲ ಹಿರಿಯರು. ಮುಂದಿನ ವರ್ಷ ನಿವೃತ್ತಿಯಾಗುವವರಾದ್ದರಿಂದ ಅವರು ಹೆಸರು ಕೊಟ್ಟಿರಲಿಲ್ಲ.

ಆಟದ ಸಲಕರಣೆಯನ್ನು ಆಫೀಸಿನ ಹಿಂದಿನ ಕೋಣೆಯಲ್ಲಿ ಜೋಡಿಸಿದ್ದರು. ಮೇಜಿಗೆ ತಿರುಪಿನಿಂದ ಬಿಗಿದ ಒಂದು ಸ್ಟೀರಿಂಗು, ನೆಲದ ಮೇಲೆ ಪೆಡಲ್ಲುಗಳು, ಅವು ಜಾರದಂತೆ ಹಿಂದೆ ಒರಗಿಸಿದ ಒಂದು ಹಿಂಡಿ ಚೀಲ. ಎದುರಿಗೆ ಪರದೆ. ಊಟದ ಹೊತ್ತಿನಲ್ಲಿ ಅರ್ಧ ಗಂಟೆ, ಗೋದಾಮು ಮುಚ್ಚಿದ ಮೇಲೆ ಒಂದು ಗಂಟೆ, ಸರದಿಯ ಮೇಲೆ ಕೂರಬೇಕು.

ಮೊದಲ ದಿನ ಬರ್ಲಕ್ಕನ ಸರದಿ ಬಂದಾಗ ಬಾಗಿಲ ತುಂಬ ತಲೆಗಳು. ಮೊದಲನೆಯ ಹಂತ ಮಕ್ಕಳಾಟ: ಎರಡು ಕಾರುಗಳ ನಡುವಿನ ಜಾಗಕ್ಕೆ ಒಂದು ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಪರದೆಯ ಮೇಲೆ ಕಾರಿನ ಬೆನ್ನು ಕಾಣುತ್ತಿತ್ತು. ಅದನ್ನು ನೋಡಿದ್ದೇ ಅವಳಿಗೆ ಧೈರ್ಯ ಬಂತು. ಕಾರಿನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿದ ಹಾಗಿತ್ತು. ದಿನಾ ತಾನು ನಿಲ್ಲುವುದೂ ಅಲ್ಲಿಯೇ. ಕಾಲಿನಿಂದ ಪೆಡಲ್ ಒತ್ತಿದಳು. ಕಾರು ಹಿಂದಕ್ಕೆ ಬಂತು.

"ಬರ್ಲಿ" ಎಂದಳು. "ಬರ್ಲಿ... ಬರ್ಲಿ... ಹೋಲ್ಡಾನ್."

ಕಾರು ನಿಲ್ಲಲಿಲ್ಲ.

"ಹೋಲ್ಡಾನ್" ಎಂದು ಇನ್ನೊಮ್ಮೆ ಕೂಗಿ ಮೇಜಿನ ಮೇಲೆ ಒಂದು ಏಟು ತಟ್ಟಿದಳು. ಕಾರು ಹೋಗಿ ಗೋಡೆಗೆ ಬಡಿಯಿತು. ಪರದೆಯ ತುಂಬ ಕೆಂಪು ಅಕ್ಷರ.

ಬಾಗಿಲಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಯಾರಿಗೆ ಹೇಳ್ತಿದ್ದೀಯ ಅಕ್ಕ, ಒಳಗೆ ಯಾರೂ ಇಲ್ಲ" ಎಂದ ಮೀಸೆ. "ನಿನ್ನ ಕಾಲಿಗೆ ಹೇಳು, ಕಾಲಿಗೆ."

ಬರ್ಲಕ್ಕನಿಗೂ ನಗು ಬಂತು. ನಕ್ಕು ಕಣ್ಣೊರೆಸಿಕೊಂಡು, "ಸರಿ ಬಿಡು. ಹೇಳೋಳೂ ನಾನೇ, ಕೇಳೋಳೂ ನಾನೇ. ಮನೇಲಿ ಅಭ್ಯಾಸ ಇದೆ ನನಗೆ" ಎಂದಳು.

ಮಾತೇನೋ ತಮಾಷೆಗೆ ಬಂದದ್ದು. ಕೆಲಸ ಅಲ್ಲಿಯೇ ಇತ್ತು. ಬಾಯಿ ಹೇಳಿದ್ದನ್ನು ಕಾಲು ಕೇಳಬೇಕು. ಕೇಳುವುದು ಒಂದು ಗಳಿಗೆಯೂ ತಡವಾಗಬಾರದು. ಅವಳು ಹಾಗೆಯೇ ಹಟ ಹಿಡಿದಳು. ಮೆಲ್ಲಗೆ, ತನಗೆ ಮಾತ್ರ ಕೇಳುವಂತೆ "ಬರ್ಲಿ" ಎಂದುಕೊಂಡು ಪೆಡಲ್ಲಿಗೆ ಬೆರಳಷ್ಟೇ ಭಾರ ಬಿಡುವುದು. "ಹೋಲ್ಡಾನ್" ಎಂದಾಗ ಬ್ರೇಕಿನ ಮೇಲೆ ಪೂರ್ತಿ ಪಾದ. ಮನೆಯಲ್ಲಿ ಸಂಜೆ ಅಡಿಗೆ ಕಟ್ಟೆಯ ಮುಂದೆ ನಿಂತು ಪಾತ್ರೆಯ ಮುಚ್ಚಳ ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದಳು, ಕಾಲಿನಿಂದ ನೆಲ ಒತ್ತುತ್ತಿದ್ದಳು.

"ಮುಚ್ಚಳಕ್ಕೆ ಏನಾಗ್ಬೇಕಂತೆ?" ಎಂದರು ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದ ಅತ್ತೆ.

"ಗಾಡಿ ಕಲೀತಿದ್ದೀನಿ ಅತ್ತೆ."

"ಕಲಿ. ಸಾರು ಉಕ್ತಿದೆ, ಅದಕ್ಕೂ ಒಂದು ಹೋಲ್ಡಾನ್ ಹೇಳು."

ಹಿಟ್ಟಿನ ಗಿರಣಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ ಗಂಡ ಅಲ್ಲಿಂದಲೇ ನಕ್ಕ. ಅತ್ತೆ ನಗಲಿಲ್ಲ. ಸೊಪ್ಪಿನ ಕಟ್ಟಿನಿಂದ ತಲೆ ಎತ್ತದೆ, "ಚೀಲದ ಕೋಣೆಗೆ ಮಾತ್ರ ವಾಪಸ್ ಹೋಗ್ಬೇಡ ಕಣೇ. ಆ ಕೆಮ್ಮು ನನ್ನ ಕಿವೀಲಿ ಇನ್ನೂ ಇದೆ" ಎಂದರು.

ಮೊದಲ ವಾರ ಮುಗಿಯುವಾಗ ಮೀಸೆ ಇಪ್ಪತ್ತೈದನೆಯ ಹಂತದಲ್ಲಿದ್ದ, ಬರ್ಲಕ್ಕ ಒಂಬತ್ತನೆಯದರಲ್ಲಿ. ಎರಡನೆಯ ವಾರ ಮುಗಿಯುವಾಗ ಮೀಸೆ ಮೂವತ್ತೊಂದರಲ್ಲಿ ಸಿಕ್ಕಿಬಿದ್ದಿದ್ದ, ಬರ್ಲಕ್ಕ ಇಪ್ಪತ್ತೆಂಟಕ್ಕೆ ಬಂದಿದ್ದಳು. ಉಳಿದವರು ಅಷ್ಟರಲ್ಲಿ ಒಬ್ಬೊಬ್ಬರೇ ಬಿಟ್ಟು ಎದ್ದಿದ್ದರು.

ಮೀಸೆಗೆ ಕೈ ಚಳಕ ಇತ್ತು, ತಾಳ್ಮೆ ಇರಲಿಲ್ಲ. ಒಂದೇ ಏಟಿಗೆ ಒಳಗೆ ಹೋಗಬೇಕು ಅವನಿಗೆ. ಮುಂದಕ್ಕೆ ತೆಗೆದು ಮತ್ತೆ ಬರುವುದೆಂದರೆ ಉಗುಳಿದ್ದನ್ನು ನುಂಗಿದ ಹಾಗೆ. ಬರ್ಲಕ್ಕನಿಗೆ ಆ ಮರ್ಯಾದೆಯ ಪ್ರಶ್ನೆಯೇ ಇರಲಿಲ್ಲ. "ಮುಂದಕ್ಕೆ ತಗೊ, ಇನ್ನೊಂದ್ಸಲ ಬಾ" ಎಂದು ಹದಿನೆಂಟು ವರ್ಷದಲ್ಲಿ ಅವಳು ಎಷ್ಟು ಸಾವಿರ ಸಲ ಹೇಳಿದ್ದಳೋ. ಈಗ ಅದನ್ನೇ ತನಗೆ ಹೇಳಿಕೊಂಡಳು. ಇಳಿಜಾರಿನ ಮೇಲಿನ ಹಂತದಲ್ಲಿ ಐದು ಸಲ ಮುಂದೆ ಹೋಗಿ ಐದು ಸಲ ಹಿಂದೆ ಬಂದಳು. ಕಂಬಗಳ ಕಾಡಿನಂತಿದ್ದ ನೆಲಮಾಳಿಗೆಯಲ್ಲಿ ಹನ್ನೊಂದು ಸಲ. ಆಟಕ್ಕೆ ಅದರ ಬಗ್ಗೆ ತಕರಾರಿರಲಿಲ್ಲ. ತಾಗಬಾರದು, ಅಷ್ಟೇ ಅದರ ಷರತ್ತು.

ಮೂವತ್ತೊಂದರಿಂದ ಟ್ರೇಲರು ಶುರು. ಮೀಸೆಯ ಕೈಗೆ ಕೊಂಡಿಯ ಗಾಡಿ ಹೊಸದು. ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗು ಎಡಕ್ಕೆ ತಿರುಗಬೇಕು. ಇಪ್ಪತ್ತು ವರ್ಷದ ರೂಢಿ ಅವನ ಕೈಯನ್ನು ಬಲಕ್ಕೇ ಎಳೆಯುತ್ತಿತ್ತು. ಬರ್ಲಕ್ಕನಿಗೆ ಅದು ಅಂಗೈ ಗೆರೆಯಷ್ಟು ಪರಿಚಯ. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಟ್ರ್ಯಾಕ್ಟರು ಟ್ರೇಲರ್ ಕಟ್ಟಿಕೊಂಡು ಬರುತ್ತಿದ್ದವು. "ಎಡಕ್ಕೆ ತಿರುಗ್ಸು, ಬಾಲ ಬಲಕ್ಕೆ ಬರ್ಲಿ, ಈಗ ಅದರ ಹಿಂದೇನೇ ಹೋಗು" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಮೂವತ್ತೊಂದನ್ನು ಅವಳು ಎರಡನೆಯ ಯತ್ನದಲ್ಲೇ ದಾಟಿದಳು.

ಮರುದಿನ ಮೀಸೆ ಅವಳ ಕುರ್ಚಿಯ ಹಿಂದೆ ಬಂದು ನಿಂತು ಅವಳ ಕೈ ನೋಡಿದ. ಅವನು ಕಲಿಯಲಾರದವನೇನಲ್ಲ. ನಾಲ್ಕು ದಿನದಲ್ಲಿ ಅವನೂ ಅದೇ ಲಯ ಹಿಡಿದು ಏರಿ ಬಂದ. ತಿಂಗಳು ಮುಗಿಯಲು ಒಂದು ವಾರ ಇರುವಾಗ ಇಬ್ಬರೂ ನಲವತ್ತನೆಯ ಹಂತದ ಮುಂದೆ ನಿಂತಿದ್ದರು.

ಅಲ್ಲಿ ಆಟ ತನ್ನ ಕೊನೆಯ ಪಟ್ಟು ಹಾಕಿತ್ತು. ಹೊರಗಿನಿಂದ ಕಾಣುವ ನೋಟವನ್ನು ತೆಗೆದುಬಿಟ್ಟಿತ್ತು. ಗಾಡಿಯ ಬೆನ್ನಿಲ್ಲ, ಮೇಲಿನಿಂದ ಕಾಣುವ ಅಂಗಳವಿಲ್ಲ. ಡ್ರೈವರನ ಸೀಟು, ಮುಂದಿನ ಗಾಜು, ಎರಡು ಕನ್ನಡಿ, ಅಷ್ಟೇ. ಗೋಡೆಗೆ ಒರಗಿ ನಿಂತ ಎರಡು ಟ್ರೇಲರುಗಳ ನಡುವೆ, ಡ್ರೈವರು ಕೂರದ ಎಡ ಮಗ್ಗುಲಿಂದ ಗಾಡಿ ಸೊಂಟ ಬಳುಕಿಸಿ ಒಳಹೋಗಬೇಕು. ಗಾಡಿ ಬಳುಕಿದ ತಕ್ಷಣ ಒಂದು ಕನ್ನಡಿಯಲ್ಲಿ ಟ್ರೇಲರಿನ ಪಕ್ಕೆಯೇ ತುಂಬಿಕೊಂಡು ಬಿಡುತ್ತದೆ, ಇನ್ನೊಂದರಲ್ಲಿ ಬರಿಯ ಆಕಾಶ.

ಬರ್ಲಕ್ಕ ಆ ಸಂಜೆ ಆರು ಸಲ ತಾಗಿಸಿದಳು. ಇಷ್ಟು ದಿನ ತಾನು ನಿಂತು ನೋಡುತ್ತಿದ್ದ ಜಾಗವನ್ನೇ ಯಾರೋ ಕಿತ್ತುಕೊಂಡಂತೆ ಆಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಲಾರಿಯ ಸೀಟಿಗೂ ಸಲ್ಲುತ್ತದೆಂದು ಅವಳಿಗೆ ತಿಳಿದದ್ದು ಆಗಲೇ. ಒಳಗೆ ಕೂತವರಿಗೆ ಏನು ಕಾಣುತ್ತದೆ ಎಂದು ಅವಳು ಹದಿನೆಂಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಭಾವನ ಹತ್ತಿರ ಹೋದಳು. "ಭಾವ, ನಿಮ್ಮ ಲಾರೀಲಿ ಸ್ವಲ್ಪ ಹೊತ್ತು ಕೂತ್ಕೊಳ್ಳಾ? ಚಾಲೂ ಮಾಡಲ್ಲ. ಬರೀ ಕೂತು ನೋಡ್ಬೇಕು."

ಭಾವ ಡಬ್ಬಿಯ ಕೊನೆಯ ತುತ್ತು ಮುಗಿಸಿ, ಕೈ ತೊಳೆದು, ಬಾಗಿಲು ತೆರೆದು ಹತ್ತಿಸಿದರು. ಸೀಟು ಮುಂದಕ್ಕೆ ಎಳೆದುಕೊಟ್ಟರು. ಕನ್ನಡಿ ಅವಳ ಎತ್ತರಕ್ಕೆ ತಿರುಗಿಸಿಕೊಟ್ಟರು. ಲಾರಿ ಕಟ್ಟೆಯಿಂದ ಹತ್ತು ಹೆಜ್ಜೆ ಮುಂದೆ ನಿಂತಿತ್ತು.

"ಈಗ ಹೋಗಿ ನಾನು ನಿಲ್ಲೋ ಜಾಗದಲ್ಲಿ ನಿಂತ್ಕೊಳ್ಳಿ" ಎಂದಳು.

ಭಾವ ಹೋದರು. ಅವಳು ಬಲಗನ್ನಡಿ ನೋಡಿದಳು. ಎಡಗನ್ನಡಿ ನೋಡಿದಳು. ಕಟ್ಟೆಯ ಎರಡು ತುದಿ ಕಂಡವು, ನಲ್ಲಿ ಕಂಡಿತು, ಒಣಗಲು ಹಾಕಿದ್ದ ಚೀಲಗಳು ಕಂಡವು.

"ಭಾವ, ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಲ್ಲಮ್ಮ. ನಿನ್ನ ಜಾಗದಲ್ಲೇ."

"ಕೈ ಎತ್ತಿ."

"ಎತ್ತಿದ್ದೀನಿ. ಎರಡೂ ಎತ್ತಿದ್ದೀನಿ. ಯಾರಾದ್ರೂ ನೋಡಿದ್ರೆ ಕಳ್ಳ ಸಿಕ್ಕಿಬಿದ್ದ ಅಂದ್ಕೋತಾರೆ, ಬೇಗ ನೋಡಿ ಮುಗಿಸು."

ಕನ್ನಡಿಯಲ್ಲಿ ಭಾವನ ಕೈಯೂ ಇರಲಿಲ್ಲ, ಕೈಯ ನೆರಳೂ ಇರಲಿಲ್ಲ. ಬರ್ಲಕ್ಕ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಳು. ಭಾವ ಬಂದು ಬಾಗಿಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು.

"ಹದಿನೆಂಟು ವರ್ಷ ನಾನು ಕೈ ಆಡಿಸಿದ್ದು?"

"ಕೈ ಬೇರೆ ಆಡಿಸ್ತಿದ್ದೀಯ ಅಂತ ನಮಗೆ ಗೊತ್ತೇ ಇರ್ಲಿಲ್ಲ" ಎಂದರು ಭಾವ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. "ನಿನ್ನ ದನಿ ಕೇಳ್ಕೊಂಡೇ ಬರ್ತಿದ್ವಿ. ದನಿ ನಿಂತ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗೋದು. ಒಂದ್ಸಲ ನಿನಗೆ ಗಂಟಲು ಕಟ್ಟಿತ್ತು ನೋಡು, ಆ ವಾರ ನಾನು ಬೆವತು ಹೋಗಿದ್ದೆ."

ಅವಳಿಗೆ ಒಮ್ಮೆಗೇ ಎರಡು ಬಗೆಯ ಭಾವನೆಗಳು ಬಂದವು. ಕಾಣದ ಜಾಗದಲ್ಲಿ ಇಷ್ಟು ವರ್ಷ ನಿಂತಿದ್ದೆನಲ್ಲ ಎಂದು ಬೆನ್ನಿನಲ್ಲಿ ಒಂದು ಚಳುಕು. ಬರಿಯ ತನ್ನ ಗಂಟಲನ್ನು ನಂಬಿ ಇಷ್ಟು ಗಾಡಿಗಳು ಹಿಂದೆ ಬಂದವಲ್ಲ ಎಂದು ಎದೆಯಲ್ಲಿ ಏನೋ ತುಂಬಿಕೊಂಡದ್ದು. ಎರಡನೆಯದೇ ಹೆಚ್ಚಾಗಿತ್ತು.

"ಸರಿ. ನಾನಿಲ್ಲದ ಊರಲ್ಲಿ ಏನು ಮಾಡ್ತೀರಿ? ಕಟ್ಟೆ ಕಾಣಲ್ಲ, ಕೂಗೋರೂ ಇಲ್ಲ. ಆಗ?"

ಭಾವ ಅಂಗಳದ ಆಚೆ ನೋಡಿದರು. ಚಹಾದ ಲೋಟ ಹಿಡಿದು ಹರಟುತ್ತಿದ್ದ ಡ್ರೈವರುಗಳು ದೂರದಲ್ಲಿದ್ದರು. ಆದರೂ ದನಿ ತಗ್ಗಿಸಿದರು.

"ಇಳಿದು ನೋಡ್ತೀವಿ."

"ಅಂದ್ರೆ?"

"ಅಂದ್ರೆ ಇನ್ನೇನು. ಬ್ರೇಕ್ ಹಾಕಿ, ಇಳಿದು, ಹಿಂದೆ ಹೋಗಿ, ಎಷ್ಟಿದೆ ಅಂತ ಕಣ್ಣಾರೆ ನೋಡಿ, ಮತ್ತೆ ಹತ್ತೋದು. ಬೇಕಾದ್ರೆ ಹತ್ತು ಸಲ. ಯಾರಾದ್ರೂ ನೋಡ್ತಿದ್ರೆ ಮಾತ್ರ ಇಳಿಯಲ್ಲ. ಟೈರು ನೋಡೋ ಹಾಗೆ ನಟಿಸ್ತೀವಿ." ಅವರು ಕತ್ತು ಕೆರೆದುಕೊಂಡರು. "ಇದನ್ನ ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ. ಇಳಿದು ನೋಡೋನೂ ಒಬ್ಬ ಡ್ರೈವರಾ ಅಂತಾರೆ."

ಉಳಿದ ಹತ್ತು ನಿಮಿಷ ಭಾವ ಅವಳಿಗೆ ಕನ್ನಡಿ ಓದಲು ಕಲಿಸಿದರು. ಬಾಲವನ್ನು ನೋಡಬೇಡ, ಹಿಂದಿನ ಚಕ್ರ ನೋಡು. ಬಾಲ ಚಕ್ರ ಹೇಳಿದಂತೆ ಕೇಳುತ್ತದೆ. ಒಂದು ಎಣ್ಣೆ ಡಬ್ಬ ತಂದು ಚಕ್ರದ ಪಕ್ಕ ಇಟ್ಟು, ಒಂದು ಹೆಜ್ಜೆ ದೂರ ಇಟ್ಟು, ಎರಡು ಹೆಜ್ಜೆ ದೂರ ಇಟ್ಟು, ಪ್ರತಿಸಲವೂ ಕನ್ನಡಿಯಲ್ಲಿ ಅದು ಎಷ್ಟು ಕಾಣುತ್ತದೆಂದು ಕೇಳಿದರು. ಅವಳು ನೋಡಿ ಹೇಳಿದಳು. ನಾಲ್ಕು ದಿನ ಊಟದ ಹೊತ್ತೆಲ್ಲ ಹೀಗೆಯೇ ಕಳೆಯಿತು.

ನಾಲ್ಕನೆಯ ದಿನ ಸಂಜೆ ಆಟದ ಮುಂದೆ ಕೂತಾಗ ಅವಳು ಗಾಡಿ ಕದಲಿಸಲಿಲ್ಲ. ಪರದೆಯ ಅಂಚಿನಲ್ಲಿ ಸಾಲಾಗಿದ್ದ ಸಣ್ಣಸಣ್ಣ ಚಿತ್ರಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒಂದು ಒತ್ತಿದರೆ ದೀಪ ಹತ್ತಿತು. ಇನ್ನೊಂದಕ್ಕೆ ಮಳೆ ಒರೆಸುವ ಕಡ್ಡಿ ಆಡಿತು. ಕೊನೆಯದು ಒಂದು ಪಾದದ ಚಿತ್ರ. ಅದನ್ನು ಒತ್ತಿದರೆ ಗಾಡಿಯ ಬಾಗಿಲು ತೆರೆದು, ನೋಟ ನೆಲದ ಮೇಲೆ ಇಳಿದು ನಿಂತಿತು. ಬಾಣದ ಗುಂಡಿ ಒತ್ತಿದರೆ ನಡೆಯಬಹುದು. ಯಾರೂ ಮುಟ್ಟದ ಗುಂಡಿ ಅದು. ಇಡೀ ತಿಂಗಳು ಹತ್ತಾರು ಡ್ರೈವರುಗಳು ಆ ಕುರ್ಚಿಯಲ್ಲಿ ಕೂತು ಎದ್ದಿದ್ದರು. ಬಾಗಿಲಲ್ಲಿ ನಾಲ್ಕು ಜನ ನೋಡುತ್ತಿರುವಾಗ ಇಳಿಯುವ ಡ್ರೈವರು ಅವರಲ್ಲಿ ಒಬ್ಬನೂ ಇರಲಿಲ್ಲ. ಬರ್ಲಕ್ಕ ಮತ್ತೆ ಪಾದವನ್ನು ಒತ್ತಿ ಗಾಡಿ ಹತ್ತಿದಳು. ಅವತ್ತು ಅಷ್ಟಕ್ಕೇ ಎದ್ದಳು.

ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆಯಿಂದ ಯಾರ ಕೈಯಲ್ಲೂ ಚೀಲ ನೆಟ್ಟಗೆ ಏಳಲಿಲ್ಲ. ಗೋದಾಮು ಮುಚ್ಚಿದ ಮೇಲೆ ಚೀಟಿ ಎತ್ತಿದರು; ಮೀಸೆಗೆ ಮೊದಲ ಸರದಿ ಬಂತು. ತಲಾ ಮೂರು ಯತ್ನ ಎಂದು ಮ್ಯಾನೇಜರಮ್ಮ ಹೇಳಿದಳು.

ಮೀಸೆ ಚೆನ್ನಾಗಿಯೇ ಓಡಿಸಿದ. ಮೊದಲ ಯತ್ನದಲ್ಲಿ ಮುಕ್ಕಾಲು ಪಾಲು ಒಳಗೆ ಹೋಗಿ ಪಕ್ಕದ ಟ್ರೇಲರಿನ ಮೂಲೆ ಸವರಿದ. ಎರಡನೆಯದರಲ್ಲಿ ಗೋಡೆ. ಮೂರನೆಯದರಲ್ಲಿ ಗಾಡಿ ಬಳುಕಿ ಕನ್ನಡಿ ಕುರುಡಾದಾಗ ನಿಲ್ಲಿಸಿದ. ಅವನ ಕಣ್ಣು ಪಾದದ ಚಿತ್ರದ ಮೇಲೆ ಒಂದು ಕ್ಷಣ ಹೋದದ್ದನ್ನು ಬರ್ಲಕ್ಕ ನೋಡಿದಳು. ಬಾಗಿಲ ಕಡೆಯೂ ಅವನು ಒಮ್ಮೆ ನೋಡಿದ. ಅಲ್ಲಿ ಎಂಟು ಜನ ನಿಂತಿದ್ದರು. ಅವನು ಮೀಸೆ ತಿರುವಿಕೊಂಡು, ಪಕ್ಕದ ಟ್ರೇಲರಿನ ಮಗ್ಗುಲಲ್ಲೇ ಅಂದಾಜಿನ ಮೇಲೆ ಹಿಂದಕ್ಕೆ ಬಿಟ್ಟ. ತಾಗಿತು.

"ಇದು ಆಗೋ ಕೆಲಸ ಅಲ್ಲ. ಆಟ ಮಾಡಿದೋನಿಗೂ ಆಗಲ್ಲ" ಎಂದು ಎದ್ದ.

ಬರ್ಲಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ಮೊದಲ ಯತ್ನದಲ್ಲಿ ಆತುರಪಡಲಿಲ್ಲ. ಗಾಡಿಯನ್ನು ಮುಂದೆ ತೆಗೆದು, ಮೂತಿ ತಿರುಗಿಸಿ ನಿಲ್ಲಿಸಿದಳು. ಪಾದದ ಚಿತ್ರ ಒತ್ತಿದಳು. ಇಳಿದು ಹಿಂದೆ ನಡೆದು ಹೋಗಿ ಎರಡು ಟ್ರೇಲರುಗಳ ನಡುವೆ ಎಷ್ಟು ಜಾಗವಿದೆ ಎಂದು ನೋಡಿದಳು.

"ಎಲ್ಲಿಗೆ ಹೊರಟೆ ಅಕ್ಕ, ಚಹಾ ಕುಡಿಯೋಕಾ?" ಎಂದ ಮೀಸೆ.

"ನಿಂಗೂ ಒಂದು ಲೋಟ ತರ್ತೀನಿ, ತಡಿ" ಎಂದು ಅವಳು ಮತ್ತೆ ಹತ್ತಿದಳು.

"ಬರ್ಲಿ" ಎಂದುಕೊಂಡಳು. ಸ್ಟೀರಿಂಗು ಬಲಕ್ಕೆ. ಬಾಲ ಎಡಕ್ಕೆ. ಕನ್ನಡಿಯಲ್ಲಿ ಹಿಂದಿನ ಚಕ್ರ ನಿಲ್ಲಿಸುವ ಜಾಗದ ಬಿಳಿ ಗೆರೆಗೆ ಎರಡು ಹೆಜ್ಜೆ ಇದ್ದಾಗ ನಿಲ್ಲಿಸಿದಳು. ಇಳಿದಳು. ನೋಡಿದಳು. ಹತ್ತಿದಳು. ಮೀಸೆ ಗಟ್ಟಿಯಾಗಿ ಎಣಿಸತೊಡಗಿದ: "ಎರಡು... ಮೂರು..." ಬಾಗಿಲಲ್ಲಿದ್ದವರು ಮೊದಲು ನಕ್ಕರು. ನಾಲ್ಕಾದಾಗ ನಗು ಕಡಿಮೆಯಾಯಿತು, ಏಕೆಂದರೆ ಗಾಡಿ ಅರ್ಧ ಒಳಗೆ ಹೋಗಿತ್ತು, ಎಲ್ಲಿಯೂ ತಾಗಿರಲಿಲ್ಲ. ಕನ್ನಡಿಗಳು ಕುರುಡಾದವು. ಐದನೆಯ ಸಲ ಇಳಿದಾಗ ಅವಳಿಗೆ ಕಂಡದ್ದು, ಬಾಲದ ಎಡ ಮೂಲೆಗೂ ಪಕ್ಕದ ಟ್ರೇಲರಿಗೂ ಒಂದು ಗೇಣು. ಇದೇ ಒಂದು ಗೇಣಿನಲ್ಲಿ ಮೀಸೆ ಎರಡು ಸಲ ಸೋತಿದ್ದ. ಹತ್ತಿ, ಮುಂದಕ್ಕೆ ತೆಗೆದು, ಕೊಂಡಿ ನೇರ ಮಾಡಿ, ಮತ್ತೆ ಬಂದಳು. ಆರು. ಈಗ ಎರಡು ಕಡೆಯೂ ಮೊಳಮೊಳ ಇತ್ತು.

ಮೀಸೆ ಗಟ್ಟಿಯಾಗಿ ಎಣಿಸುವುದನ್ನು ಮರೆತು ಮುಂದೆ ಬಾಗಿದ್ದ. ಏಳನೆಯ ಸಲ ಇಳಿದು ಗೋಡೆಗೆ ಎಷ್ಟಿದೆ ಎಂದು ನೋಡಿ ಬಂದು, ಅವಳು ಪೆಡಲ್ಲಿಗೆ ಬೆರಳಿನ ಭಾರ ಬಿಟ್ಟಳು. "ಬರ್ಲಿ... ಬರ್ಲಿ... ಹೋಲ್ಡಾನ್." ಬ್ರೇಕಿನ ಮೇಲೆ ಪೂರ್ತಿ ಪಾದ ಬಿತ್ತು. ಗಾಡಿ ನಿಂತಿತು.

ಪರದೆ ಹಸಿರಾಯಿತು. ಮೂಲೆಯಲ್ಲಿದ್ದ ಮುದ್ರಣ ಯಂತ್ರ ಒಮ್ಮೆ ಕೆಮ್ಮಿ ಒಂದು ಹಾಳೆಯನ್ನು ಹೊರಕ್ಕೆ ತಳ್ಳಿತು.

ಮೊದಲು ಮಾತಾಡಿದವನು ಮೀಸೆ. "ಏಳು ಸಲ ಇಳಿದ್ಲು, ಮೇಡಂ. ನನ್ನನ್ನೂ ಏಳು ಸಲ ಇಳಿಯೋಕೆ ಬಿಟ್ಟಿದ್ರೆ ನಾನೂ ನಿಲ್ಲಿಸ್ತಿದ್ದೆ."

"ಯಾರು ಹಿಡ್ಕೊಂಡಿದ್ರು ನಿಮ್ಮನ್ನ?" ಎಂದಳು ಮ್ಯಾನೇಜರಮ್ಮ.

ಬಾಗಿಲಲ್ಲಿದ್ದ ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರಿಗೂ ಹಠಾತ್ತನೆ ನೆಲದ ಮೇಲೆ ಏನೋ ಕಾಣಿಸಿತು. ಕೊನೆಗೆ ಭಾವ ಗಂಟಲು ಸರಿಮಾಡಿಕೊಂಡರು. "ನಾನೂ ಇಳಿದು ನೋಡ್ತೀನಪ್ಪ" ಎಂದರು. "ಮೂವತ್ತೈದು ವರ್ಷದಿಂದ ನೋಡ್ತಿದ್ದೀನಿ. ಟೈರು ನೋಡೋದು ಅಂತ ಹೇಳೋದೆಲ್ಲ ಸುಳ್ಳು."

ಆಮೇಲೆ ಮೀಸೆಯ ಮುಖದಲ್ಲಿಯೇ ಮೊದಲು ನಗು ಒಡೆಯಿತು. "ನನ್ನ ಲಾರಿ ಟೈರಿನಷ್ಟು ಯಾರೂ ನೋಡಿರಲ್ಲ ಬಿಡಿ" ಎಂದ. ಆಗ ಇಡೀ ಕೋಣೆ ನಕ್ಕಿತು.

ಮ್ಯಾನೇಜರಮ್ಮ ತರಬೇತಿಯ ಅರ್ಜಿ ತಂದು ಮೇಜಿನ ಮೇಲಿಟ್ಟಳು. "ಸೋಮವಾರ ಹೊರಡಬೇಕು ಅಕ್ಕ. ಆಟ ಬೇರೆ, ಗಾಡಿ ಬೇರೆ. ಅಲ್ಲಿ ನಿಜವಾದ ಟ್ರೇಲರು ಕೊಡ್ತಾರೆ. ತಾಗಿಸಿದ್ರೆ ಕೆಂಪು ಅಕ್ಷರ ಬರಲ್ಲ, ಗೋಡೆ ಬೀಳುತ್ತೆ."

"ಗೊತ್ತು. ಅಲ್ಲೂ ಇಳಿದು ನೋಡ್ತೀನಿ" ಎಂದಳು ಬರ್ಲಕ್ಕ. "ಆದ್ರೆ ಒಂದು ಮಾತು. ನಾನು ವಾಪಸ್ ಬಂದ ಮೇಲೂ ಹಿಂದೆ ಒಬ್ಬರು ಬೇಕು. ಎಷ್ಟು ಸಲ ಅಂತ ಇಳಿಯೋದು, ದಿನಕ್ಕೆ ಇಪ್ಪತ್ತು ಟ್ರೇಲರ್ ಬಂದ್ರೆ? ಕೂಗೋರನ್ನ ತೆಗೀಬೇಡಿ."

ಮ್ಯಾನೇಜರಮ್ಮ ಯೋಚಿಸಿ ತಲೆಯಾಡಿಸಿದಳು. "ಬರೆದು ಕೊಡಿ, ಮೇಲಿನವರಿಗೆ ಕಳಿಸ್ತೀನಿ."

ಅರ್ಜಿಯಲ್ಲಿ ಪೂರ್ತಿ ಹೆಸರು ಬರೆಯಬೇಕಿತ್ತು. ಬರ್ಲಕ್ಕ ಪೆನ್ನು ಹಿಡಿದು ಬಗ್ಗಿದಳು. ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು. ಹೊತ್ತು ಮೀರಿ ಬಂದ ಬೀಜದ ಲಾರಿಯೊಂದು ಗೇಟಿನೊಳಗೆ ಮೂತಿ ತೂರಿಸಿ ಕಾಯುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ಬರ್ಲಕ್ಕನ ಕಡೆ ತಿರುಗಿದರು. ಅವಳು ಏಳಲಿಲ್ಲ.

ಮತ್ತೊಮ್ಮೆ ಹಾರನ್. ಮೀಸೆ ಸುತ್ತ ನೋಡಿ, ಅಂಗಿಯ ತೋಳು ಮಡಚಿಕೊಂಡು ಹೊರಟ.

"ಎಡಗನ್ನಡೀಲಿ ಕಾಣೋ ಹಾಗೆ ನಿಂತ್ಕೋ" ಎಂದಳು ಬರ್ಲಕ್ಕ, ಹಾಳೆಯಿಂದ ತಲೆ ಎತ್ತದೆ. "ಮಧ್ಯೆ ನಿಲ್ಲಬೇಡ. ಅಲ್ಲಿ ನಿಂತ್ರೆ ಯಾರಿಗೂ ಕಾಣಲ್ಲ."

ಕಿಟಕಿಯಿಂದ ಅವನ ದನಿ ಬಂತು. ಮೊದಲು ಸಂಕೋಚದಿಂದ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಬರ್ಲಕ್ಕ ತವರಿನ ಹೆಸರಿನ ಮೊದಲ ಅಕ್ಷರ ಬರೆದು ನಿಲ್ಲಿಸಿ, ಕಿವಿಗೊಟ್ಟು ಕೂತಳು. ಲಾರಿ ಹಿಂದಕ್ಕೆ ಬಂತು, ನಿಂತಿತು, ಮುಂದಕ್ಕೆ ಹೋಯಿತು, 'ಇನ್ನೊಂದ್ಸಲ ಬಾ' ಎಂದು ಮೀಸೆ ಹೇಳಿದ್ದು ಕೇಳಿಸಿತು, ಮತ್ತೆ ಬಂತು. ಬಾಲ ಕಟ್ಟೆಗೆ ಮೆತ್ತಗೆ ಕೂತ ಮೇಲೆ ಅವಳು ಉಳಿದ ಅಕ್ಷರಗಳನ್ನು ಬರೆದಳು.